ವರ್ಷಕ್ಕೊಮ್ಮೆ ಜಕಣಾಚಾರಿ

ನೋಡಿದ ಸಿನಿಮಾವನ್ನೇ ಹಬ್ಬಹಬ್ಬಕ್ಕೂ ಒಟ್ಟಿಗೆ ಕೂತು ಮತ್ತೆ ನೋಡುವ ಮನೆಗಳ ಬಗ್ಗೆ ನನಗೆ ಗೌರವವಿದೆ. ಹೊತ್ತು ಹೋಗದವರು ಮಾಡುವ ಕೆಲಸ ಅದು ಎಂದು ಓದಿಕೊಂಡವರು ಸುಲಭವಾಗಿ ಹೇಳಿಬಿಡುತ್ತಾರೆ. ವರ್ಷಕ್ಕೆ ನೂರಾರು ಹೊಸ ಚಿತ್ರಗಳು ಬರುವಾಗ, ಕೊನೆ ಗೊತ್ತಿರುವ ಕಥೆಗೆ ಮೂರು ಗಂಟೆ ಕೊಡುವುದು ಯಾಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಿಯಾಗಿಯೂ ಕಾಣುತ್ತದೆ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಕೊನೆ ಗೊತ್ತಿರುವುದರಿಂದಲೇ ಆ ಮೂರು ಗಂಟೆ ಮನೆಯವರ ಪಾಲಿಗೆ ಬೆಲೆಯುಳ್ಳದ್ದಾಗುತ್ತದೆ. ಹೊಸ ಸಿನಿಮಾ ನೋಡುವಾಗ ಎಲ್ಲರೂ ಪರದೆಗೆ ಕಣ್ಣು ನೆಟ್ಟು ಬಾಯಿ ಮುಚ್ಚಿ ಕೂರಬೇಕು. ಹಳೆಯದನ್ನು ನೋಡುವಾಗ ಮಾತಾಡಬಹುದು, ತಕರಾರು ತೆಗೆಯಬಹುದು, ಅಜ್ಜಿಯನ್ನು ಕೇಳಬಹುದು. ಮನೆಮಂದಿ ಒಟ್ಟಿಗೆ ಕೂತು ಒಂದೇ ವಿಷಯದ ಮೇಲೆ ಮನಸ್ಸು ಬಿಚ್ಚಿ ಮಾತಾಡುವ ಸಂದರ್ಭಗಳು ಎಷ್ಟು ಉಳಿದಿವೆ ಎಂದು ಯೋಚಿಸಿದರೆ ಈ ರೂಢಿಯ ಬೆಲೆ ತಿಳಿಯುತ್ತದೆ.

ಡಿಸೆಂಬರ್ ಕೊನೆಯ ವಾರದ ಅರಸೀಕೆರೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ರೈಲುಗಳು ಜಂಕ್ಷನ್ನಿಗೆ ಬಂದು ನಿಂತಾಗ ಇಳಿಯುವವರಲ್ಲಿ ಬೆನ್ನಿಗೆ ಲ್ಯಾಪ್‌ಟಾಪು, ಕೈಯಲ್ಲಿ ಮಗು ಇರುವ ಜೋಡಿಗಳು ಎದ್ದು ಕಾಣುತ್ತವೆ. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಕ್ರಿಸ್‌ಮಸ್ ಆಚರಣೆಯಿಲ್ಲ. ಆದರೆ ಇವರು ದುಡಿಯುವುದು ಅಮೆರಿಕ, ಯುರೋಪಿನ ಕೆಲಸಕ್ಕೆ. ಅಲ್ಲಿ ಕಚೇರಿಗಳು ಮುಚ್ಚಿದಾಗ ಇಲ್ಲಿಯೂ ಕೆಲಸ ಸಡಿಲವಾಗುತ್ತದೆ. ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ದಸರಾ ರಜೆಯಲ್ಲಿ ಕೆಲವು ದಿನ ಕಳೆದು ಕ್ರಿಸ್‌ಮಸ್ಸಿಗೆ ಸೇರಿಸುವ ಪದ್ಧತಿ ಮೊದಲಿನಿಂದಲೂ ಇದೆ. ಹೀಗಾಗಿ ಯುಗಾದಿಗೆ, ಗೌರಿ-ಗಣೇಶಕ್ಕೆ ಒಂದೇ ದಿನ ಬಂದು ಓಡುವ ಮಕ್ಕಳು ಈ ವಾರ ನಿಲ್ಲುತ್ತಾರೆ. ಪಂಚಾಂಗದಲ್ಲಿ ಈ ವಾರಕ್ಕೆ ಧನುರ್ಮಾಸದ ಪೂಜೆ ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಇಂದಿನ ಸಂಸಾರಗಳ ಪಾಲಿಗಾದರೋ ವರ್ಷದ ದೊಡ್ಡ ಕೂಟ ಇದೇ. ಅವರೆಕಾಯಿಯ ಕಾಲವೂ ಹೌದು. ನೆನೆಹಾಕಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿದುಕಿ, ಸಿಪ್ಪೆ ಒಂದು ತಟ್ಟೆಗೆ, ಬೇಳೆ ಇನ್ನೊಂದಕ್ಕೆ ಹಾಕುತ್ತಾ ಹೋಗುವ ಕೆಲಸ ಒಬ್ಬರಿಗೆ ಬೇಸರ, ಐದಾರು ಮಂದಿಗೆ ಸಲೀಸು. ಕಣ್ಣು ಟಿವಿಯ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಹಿದುಕಿದ ಬೇಳೆ ಸಾರಿಗೂ ಹಳೆಯ ಸಿನಿಮಾಕ್ಕೂ ಇಷ್ಟು ಚೆನ್ನಾಗಿ ಹೊಂದುವ ವಾರ ವರ್ಷದಲ್ಲಿ ಇನ್ನೊಂದಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಇಂಥದ್ದೇ ಸಿನಿಮಾ ನೋಡಬೇಕು ಎಂಬ ರೂಢಿ ಪಶ್ಚಿಮದಲ್ಲಿ ಬಹಳ ಹಳೆಯದೆಂದು ನಾವು ಭಾವಿಸುತ್ತೇವೆ. ಹಾಗೇನಿಲ್ಲ. ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಬಂದಾಗ ಹಾಕಿದ ಹಣವೂ ಸರಿಯಾಗಿ ಹಿಂದಿರುಗಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸುವುದನ್ನು ಸಂಬಂಧಪಟ್ಟವರು ಮರೆತರು. ದುಡ್ಡು ಕೊಡದೆ ತೋರಿಸಬಹುದಾದ ಚಿತ್ರ ಸಿಕ್ಕಿತೆಂದು ಅಮೆರಿಕದ ಟಿವಿ ಕೇಂದ್ರಗಳೆಲ್ಲ ಡಿಸೆಂಬರಿನಲ್ಲಿ ಅದನ್ನೇ ಹಾಕತೊಡಗಿದವು. ಹತ್ತು ಹದಿನೈದು ವರ್ಷಗಳಲ್ಲಿ ಅದಿಲ್ಲದೆ ಕ್ರಿಸ್‌ಮಸ್ ಇಲ್ಲ ಎನ್ನುವಂತಾಯಿತು. ಪೋಲೆಂಡಿನಲ್ಲಿ 1990ರ ‘ಹೋಮ್ ಅಲೋನ್’ ಚಿತ್ರಕ್ಕೆ ಇದೇ ಸ್ಥಾನ. 2010ರಲ್ಲಿ ಅಲ್ಲಿನ ಒಂದು ವಾಹಿನಿ ಈ ಸಲ ಅದನ್ನು ತೋರಿಸುವುದಿಲ್ಲ ಎಂದಾಗ ಜನ ಪ್ರತಿಭಟಿಸಿದರು, ವಾಹಿನಿ ಮಣಿಯಬೇಕಾಯಿತು. ಒಂದು ಕಡೆ ಗುಮಾಸ್ತರ ಮರೆವು, ಇನ್ನೊಂದು ಕಡೆ ವಾಹಿನಿಯ ಅಭ್ಯಾಸ. ಹುಟ್ಟು ಇಷ್ಟು ಸಾಧಾರಣವಾದರೂ ಮನೆಗಳು ಅದನ್ನು ತಮ್ಮದಾಗಿಸಿಕೊಂಡವು, ಮಕ್ಕಳಿಗೆ ದಾಟಿಸಿದವು. ಸಂಪ್ರದಾಯ ಎಲ್ಲಿಂದ ಬಂತು ಎನ್ನುವುದಕ್ಕಿಂತ ಮನೆಯವರು ಅದರೊಂದಿಗೆ ಏನು ಮಾಡಿದರು ಎನ್ನುವುದೇ ಹೆಚ್ಚಿನದು ಎಂದು ನಾನು ಹೇಳುವುದಕ್ಕೆ ಇದು ಒಂದು ಆಧಾರ.

ಕನ್ನಡದಲ್ಲಿ ಕ್ರಿಸ್‌ಮಸ್ ಸಿನಿಮಾ ಎಂಬ ಪ್ರಕಾರ ಬೆಳೆಯಲಿಲ್ಲ. ಹಾಸನ ಜಿಲ್ಲೆಯಲ್ಲಿ ಕ್ರೈಸ್ತ ಮನೆತನಗಳಿಗೆ ನೂರೈವತ್ತು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಆ ಕುಟುಂಬಗಳು ಹಬ್ಬಕ್ಕೆ ನೋಡಲು ಹೆಚ್ಚಾಗಿ ಡಬ್ ಆದ ಚಿತ್ರಗಳನ್ನೇ ನೆಚ್ಚಬೇಕಾಯಿತು. 1979ರ ‘ಜೀಸಸ್’ ಚಿತ್ರ ಜಗತ್ತಿನ ನೂರಾರು ಭಾಷೆಗಳಂತೆ ಕನ್ನಡದಲ್ಲೂ ಮಾತಾಡಿತು. ಉಳಿದವರಿಗೆ ಹಬ್ಬದ ಸಿನಿಮಾ ಎಂದರೆ ಆವತ್ತು ಬಿಡುಗಡೆಯಾದ ದೊಡ್ಡ ನಟನ ಚಿತ್ರ, ಇಲ್ಲವೇ ಟಿವಿಯವರು ಹಾಕಿದ್ದು.

ಆದರೆ ಗೊತ್ತಿರುವ ಕಥೆಯನ್ನು ವರ್ಷವರ್ಷವೂ ಕೂಡಿ ನೋಡುವುದು, ಕೇಳುವುದು ಈ ಸೀಮೆಗೆ ಹೊಸದಲ್ಲ. ಹಾಸನ, ತುಮಕೂರು, ಮಂಡ್ಯದ ಬಯಲಲ್ಲಿ ಮೂಡಲಪಾಯದ ಆಟಗಳು ರಾತ್ರಿಯಿಡೀ ನಡೆಯುತ್ತಿದ್ದವು. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೇ ಜನ ಚಾಪೆ ಹಿಡಿದು ಹೋಗುತ್ತಿದ್ದರು, ಅವನು ಸತ್ತಾಗ ಅಳುತ್ತಿದ್ದರು. ಶ್ರಾವಣದಲ್ಲಿ ಶನಿಮಹಾತ್ಮೆ ಓದಿಸುವ ಮನೆಗಳಲ್ಲಿ ವಿಕ್ರಮರಾಯನ ಪಾಡು ಹೋದ ವರ್ಷವೇ ಕೇಳಿದ್ದೇವಲ್ಲ ಎಂದು ಯಾರೂ ಎದ್ದುಹೋಗುವುದಿಲ್ಲ. ಗಮಕಿ ಓದಿದ ಮೇಲೆ ವ್ಯಾಖ್ಯಾನಕಾರ ಬಿಡಿಸಿ ಹೇಳುತ್ತಾನೆ, ಕೇಳುವವರು ನಡುವೆ ಪ್ರಶ್ನೆ ಎತ್ತುತ್ತಾರೆ. ಪದ್ಯ ಹಳೆಯದು, ಮಾತು ಹೊಸದು. ಆವತ್ತಿನ ಊರಿನ ಸುದ್ದಿ, ಆವತ್ತಿನ ಜಗಳ ವ್ಯಾಖ್ಯಾನದೊಳಗೆ ಬಂದು ಕೂರುತ್ತಿತ್ತು. ಹಬ್ಬದ ದಿನ ಹಳೆಯ ಸಿನಿಮಾ ನೋಡುವ ಮನೆ ಈ ವಂಶದ್ದೇ ಎಂದು ನಾನು ತಿಳಿಯುತ್ತೇನೆ.

ಟೆಂಟು ಸಿನಿಮಾ ಈ ಎರಡರ ನಡುವಣ ಕೊಂಡಿ. ಟೂರಿಂಗ್ ಟಾಕೀಸಿಗೆ ಸಾಮಾನ್ಯವಾಗಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹಾಕಬೇಕು, ಇನ್ನೊಂದು ರೀಲು ಏರಿಸಬೇಕು. ಹೀಗೆ ಒಂದು ಸಿನಿಮಾಕ್ಕೆ ಮೂರು ನಾಲ್ಕು ವಿರಾಮ. ಕಡಲೆಕಾಯಿ ಕೊಂಡು ತಂದು, ನೆಲದ ಟಿಕೆಟ್ಟಿನವರು ಮರಳಿನಲ್ಲಿ ಕಾಲು ಚಾಚಿ, ಇಲ್ಲಿಯವರೆಗೆ ಆದದ್ದರ ಬಗ್ಗೆ ತೀರ್ಪು ಕೊಡುತ್ತಿದ್ದರು. ಆ ಅತ್ತೆಗೆ ಹೀಗೇ ಆಗಬೇಕು, ಆ ಅಣ್ಣ ಪಾಲು ಕೇಳಿದ್ದು ತಪ್ಪು ಎಂಬ ಮಾತುಗಳು ಮುಗಿಯುವುದರೊಳಗೆ ಮತ್ತೆ ದೀಪ ಆರುತ್ತಿತ್ತು. ಯಂತ್ರದ ಕೊರತೆಯಿಂದ ಹುಟ್ಟಿದ ಈ ಬಿಡುವು ನೋಡುವವರ ಪಾಲಿಗೆ ಲಾಭವಾಗಿತ್ತು. ಈಗ ಎಡೆಬಿಡದೆ ಓಡುವ ಚಿತ್ರವನ್ನು ನಾವೇ ನಿಲ್ಲಿಸಬೇಕು. ರಿಮೋಟು ಕೈಯಲ್ಲಿದೆ, ನಿಲ್ಲಿಸುವ ಮನಸ್ಸು ಬೇಕು ಅಷ್ಟೆ.

ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಯ ಮನೆಗೆ ವರ್ಷಕ್ಕೊಮ್ಮೆ ನೋಡಲು ಒಂದು ಸಿನಿಮಾ ಹೇಳಿ ಎಂದರೆ ನಾನು ತಡಮಾಡದೆ ‘ಅಮರಶಿಲ್ಪಿ ಜಕಣಾಚಾರಿ’ಯ ಹೆಸರು ಹೇಳುತ್ತೇನೆ. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ ಈ ಚಿತ್ರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್‌ಕುಮಾರ್ ಜಕಣ, ಬಿ. ಸರೋಜಾದೇವಿ ಮಂಜರಿ. ತೆಲುಗಿನಲ್ಲೂ ಜೊತೆಗೇ ತೆಗೆದರು, ಅಲ್ಲಿ ಶಿಲ್ಪಿಯಾದವರು ಅಕ್ಕಿನೇನಿ ನಾಗೇಶ್ವರರಾವ್. ಕಥೆ ಈ ಸೀಮೆಯ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಶಿಲ್ಪಿ ಹೆಂಡತಿಯ ಮೇಲೆ ಅನುಮಾನಪಟ್ಟು ಮನೆ ಬಿಡುತ್ತಾನೆ. ಹುಟ್ಟಿದ ಮಗ ಡಂಕಣನನ್ನು ತಾಯಿ ಒಬ್ಬಳೇ ಸಾಕುತ್ತಾಳೆ. ಬೆಳೆದ ಮಗ ತಂದೆಯನ್ನು ಹುಡುಕಿಕೊಂಡು ಹೊರಟು, ಗುರುತಿಲ್ಲದೆಯೇ ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಕಲ್ಲಿಗೆ ಪೆಟ್ಟು ಬಿದ್ದಾಗ ಒಳಗಿನಿಂದ ನೀರು, ಕಪ್ಪೆ ಹೊರಬರುತ್ತವೆ. ಆಡಿದ ಮಾತಿಗೆ ಕಟ್ಟುಬಿದ್ದು ಜಕಣಾಚಾರಿ ತನ್ನ ಕೈಯನ್ನೇ ಕಡಿದುಕೊಳ್ಳುತ್ತಾನೆ. ಬೇಲೂರಿನ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನಿಗೂ, ಮುಂದೆ ಅವನ ಕೈ ಮರಳಿತು ಎನ್ನುವ ತುಮಕೂರಿನ ಬಳಿಯ ಕೈದಾಳಕ್ಕೂ ಈ ಕಥೆ ಅಂಟಿಕೊಂಡಿದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತೇಲಿಸಿಬಿಡುವುದು ನನಗೆ ಇಷ್ಟವಿಲ್ಲ. ಇದು ಇತಿಹಾಸವಲ್ಲ. ಬೇಲೂರಿನ ಕೇಶವ ದೇವಾಲಯವನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ, ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಕೈದಾಳದ ಗುಡಿ ಅದಾದ ಮೂರು ದಶಕಗಳ ಮೇಲೆ, 1150ರ ಸುಮಾರಿಗೆ, ಗೂಳಿ ಬಾಚಿ ಎಂಬ ಸಾಮಂತ ಕಟ್ಟಿಸಿದ್ದು. ಬೇಲೂರಿನಲ್ಲಿ ಕೆಲಸ ಮಾಡಿದ ಶಿಲ್ಪಿಗಳ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಸಂಪುಟ 1902ರಲ್ಲೇ ಅಚ್ಚಾಯಿತು. ಆ ಹೆಸರುಗಳ ನಡುವೆ ಜಕಣಾಚಾರಿ ಇಲ್ಲ. ಇಲ್ಲದವನ ಕಥೆಯನ್ನು ವರ್ಷವರ್ಷವೂ ಮಕ್ಕಳಿಗೆ ತೋರಿಸಿ, ಇದ್ದವರ ಹೆಸರು ಮರೆಸುವುದು ಸರಿಯೇ ಎಂದು ಇತಿಹಾಸ ಬಲ್ಲವರು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ಇದ್ದವರು ಯಾರು? ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. ಬೇಲೂರಿನ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಗಳಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ಅಲ್ಲಿನ ಬರಹಗಳಿಂದ ತಿಳಿಯುತ್ತದೆ. ಈ ಒಂದು ಸಂಗತಿಯ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಸಿನಿಮಾದ ತಂದೆ-ಮಗ ಒಂದೇ ಕಲ್ಲಿನ ಎದುರು ನಿಂತು ಎದುರಾಳಿಗಳಾಗುತ್ತಾರೆ. ಶಾಸನದ ತಂದೆ-ಮಗ ಒಂದೇ ಗುಡಿಯಲ್ಲಿ ಅಕ್ಕಪಕ್ಕ ಕೆಲಸ ಮಾಡಿ, ತಮ್ಮ ತಮ್ಮ ಹೆಸರನ್ನು ಬೇರೆ ಬೇರೆಯಾಗಿ ಕೆತ್ತಿದ್ದಾರೆ. ಮಗ ತಂದೆಗಿಂತ ಒಂದು ಹೆಚ್ಚು ಮಾಡಿದ್ದಾನೆ. ಯಾರ ಕೈಯೂ ಹೋಗಲಿಲ್ಲ. ಮಗ ತನ್ನನ್ನು ಮೀರಿದರೆ ತಂದೆ ಏನಾಗುತ್ತಾನೆ ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಎರಡು ಉತ್ತರಗಳಿವೆ. ಒಂದನ್ನು ಜನ ಕಟ್ಟಿಕೊಂಡರು, ಇನ್ನೊಂದನ್ನು ಕಲ್ಲು ಉಳಿಸಿಕೊಂಡಿತು.

ಎರಡನ್ನೂ ಮಕ್ಕಳಿಗೆ ಕೊಡಬೇಕು ಎನ್ನುವುದು ನನ್ನ ಉತ್ತರ. ಸಿನಿಮಾ ಬಿಟ್ಟು ಶಾಸನ ಮಾತ್ರ ಕೊಟ್ಟರೆ ದಾಸೋಜನ ಹೆಸರು ಪರೀಕ್ಷೆಯ ಉತ್ತರವಾಗಿ ಉಳಿದು ಮರೆತುಹೋಗುತ್ತದೆ. ಡಂಕಣನಿಗಾಗಿ ಒಮ್ಮೆ ಎದೆ ಹೊಡೆದುಕೊಂಡ ಹುಡುಗನಿಗೆ ಚಾವಣನ ಹೆಸರು ಹೇಳಿ ನೋಡಿ, ಅವನಿಗೆ ಕುತೂಹಲ ಹುಟ್ಟುತ್ತದೆ. ಕಥೆ ಬಾಗಿಲು ತೆರೆಯದೆ ಹೋದರೆ ಇತಿಹಾಸ ಒಳಗೆ ಬರುವುದು ಕಷ್ಟ. ರಾಜ್ಯ ಸರ್ಕಾರ ಜನವರಿ 1ರಂದು ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನ ಆಚರಿಸುತ್ತದೆ, ಶಿಲ್ಪಿಗಳಿಗೆ ಅವನ ಹೆಸರಿನ ಪ್ರಶಸ್ತಿ ಕೊಡುತ್ತದೆ. ಕೆಲಸಗಾರರ ಒಂದು ದೊಡ್ಡ ಸಮುದಾಯ ಆ ಹೆಸರಿನಲ್ಲಿ ತನ್ನ ಮಾನವನ್ನು ಕಾಣುತ್ತದೆ. ಶಾಸನದಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಕಿತ್ತುಹಾಕುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಶಾಸನದಲ್ಲಿ ಇರುವವರನ್ನು ಮರೆಯುವ ಹಕ್ಕೂ ನಮಗಿಲ್ಲ.

ಈ ಊರುಗಳಲ್ಲಿ ಇರುವವರಿಗೆ ಇದು ಎಷ್ಟು ಸುಲಭ ಎನ್ನುವುದನ್ನು ಬೇರೆಯವರು ನೋಡಿ ಅಸೂಯೆಪಡಬೇಕು. ಸಂಜೆ ಸಿನಿಮಾ, ಬೆಳಿಗ್ಗೆ ಬಸ್ಸು. ಅರಸೀಕೆರೆಯಿಂದ ಬಾಣಾವರ, ಜಾವಗಲ್ಲು ದಾಟಿದರೆ ಹಳೇಬೀಡು, ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಡಿಸೆಂಬರು ಶಾಲಾ ಪ್ರವಾಸಗಳ ತಿಂಗಳು, ಹತ್ತು ಗಂಟೆಯ ಮೇಲೆ ಬೇಲೂರಿನ ಆವರಣದಲ್ಲಿ ಮಕ್ಕಳ ಸಾಲುಗಳು ತುಂಬಿರುತ್ತವೆ. ಬೆಳಗಿನ ಹೊತ್ತಿಗೇ ತಲುಪಿ, ಗೈಡನ್ನು ದರ್ಪಣ ಸುಂದರಿಯ ಎದುರು ನಿಲ್ಲಿಸಿಕೊಂಡು, ಹೆಸರು ಕೆತ್ತಿರುವ ಮದನಿಕೆ ಯಾವುದು ತೋರಿಸಿ ಎಂದು ಮಕ್ಕಳೇ ಕೇಳಬೇಕು. ಬರಹ ಎತ್ತರದಲ್ಲಿದೆ, ಸವೆದಿದೆ. ಫೋನಿನ ಕ್ಯಾಮೆರಾ ಹಿಗ್ಗಿಸಿ ನೋಡಿದರೆ ಅಕ್ಷರದ ಗೆರೆಗಳು ಸಿಕ್ಕುತ್ತವೆ. ಅರಸೀಕೆರೆಯವರಿಗೆ ಅಷ್ಟು ದೂರವೂ ಬೇಡ. ಹಾಸನದ ದಾರಿಯಲ್ಲಿರುವ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1230ರ ದಶಕದ್ದು, ಅಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಅಮೃತಾಪುರದಲ್ಲಿ 1196ರಲ್ಲಿ ಕಾಣಿಸುವ ಈ ಹೆಸರು 1258ರ ಸೋಮನಾಥಪುರದವರೆಗೂ ಬರುತ್ತದೆ. ಜೀವಮಾನವಿಡೀ ಊರಿಂದೂರಿಗೆ ಅಲೆದು ಉಳಿ ಹಿಡಿದವನ ರುಜು ನಮ್ಮ ತಾಲ್ಲೂಕಿನಲ್ಲೇ ಇದ್ದೂ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಊರೆಲ್ಲ ಸಂಭ್ರಮಿಸಿತು. ಆ ಪಟ್ಟಿಯಲ್ಲಿಲ್ಲದ ಹಾರನಹಳ್ಳಿಗೆ ಹೋಗುವ ಬಸ್ಸು ಮೊದಲೂ ಇತ್ತು, ಈಗಲೂ ಇದೆ.

ಇನ್ನೊಂದು ಆಕ್ಷೇಪ ಹೆಣ್ಣುಮಕ್ಕಳಿಂದ ಬರುತ್ತದೆ, ಬರಬೇಕು. ಅನುಮಾನಪಟ್ಟು ಬಿಟ್ಟುಹೋದವನನ್ನು ಅಮರಶಿಲ್ಪಿ ಎಂದು ಕೊಂಡಾಡುತ್ತೀರಿ, ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಮಂಜರಿಗೆ ಕಣ್ಣೀರು ಬಿಟ್ಟು ಏನು ಕೊಟ್ಟಿರಿ ಎಂದು ಮೊಮ್ಮಗಳು ಕೇಳಿದರೆ ತಾತ ಸಿಟ್ಟಾಗಬಾರದು. ಹಳೆಯ ಚಿತ್ರಗಳ ತುಂಬ ಇಂಥ ನೋವಿನ ಜಾಗಗಳಿವೆ. ಗಂಡನ ಕಾಲಿಗೆ ಬೀಳುವ ಹೆಂಡತಿ, ಮನೆಗಾಗಿ ಸವೆದುಹೋಗುವ ಅತ್ತಿಗೆ, ಬಡವನನ್ನು ನಗೆಪಾಟಲು ಮಾಡುವ ಹಾಸ್ಯ. ಹಾಗೆಂದು ಆ ಚಿತ್ರಗಳನ್ನು ಅಟ್ಟಕ್ಕೆ ಹಾಕುವುದು ದಾರಿಯಲ್ಲ. ಆ ಮೌಲ್ಯಗಳು ಅಟ್ಟಕ್ಕೆ ಹೋಗಿಲ್ಲ, ಮನೆಯಲ್ಲೇ ಓಡಾಡಿಕೊಂಡಿವೆ. ಸೊಸೆಗೆ ಅತ್ತೆಯ ಮುಖ ನೋಡಿ ಹೇಳಲಾಗದ್ದನ್ನು ಮಂಜರಿಯ ನೆಪದಲ್ಲಿ ಹೇಳಬಹುದು. ಅತ್ತೆಯೂ ಮಂಜರಿಯ ನೆಪದಲ್ಲಿ ತನ್ನ ಕಾಲದ ಕಷ್ಟ ಹೇಳಿಕೊಳ್ಳಬಹುದು. ಹತ್ತು ಸಲ ಸುಮ್ಮನೆ ನೋಡಿದವಳು ಹನ್ನೊಂದನೆಯ ಸಲ, ಅವನು ಹಾಗೆ ಹೋಗಬಾರದಿತ್ತು ಎಂದು ಮೆಲ್ಲಗೆ ಅಂದರೂ ಸಾಕು, ಆ ಸಿನಿಮಾ ಇಷ್ಟು ವರ್ಷ ನೋಡಿದ್ದು ಸಾರ್ಥಕ. ಒಂದೇ ಸಲ ನೋಡುವ ಚಿತ್ರದಲ್ಲಿ ಈ ಮಾತಿಗೆ ಬೇಕಾದ ಧೈರ್ಯ ಬರುವುದಿಲ್ಲ.

ಎಲ್ಲ ಮನೆಗೂ ಜಕಣಾಚಾರಿಯೇ ಆಗಬೇಕೆಂದಿಲ್ಲ. ಹೊಲ-ತೋಟದ ಮನೆಗಳಿಗೆ 1974ರ ‘ಭೂತಯ್ಯನ ಮಗ ಅಯ್ಯು’ ಇನ್ನೂ ಹತ್ತಿರ ಅನ್ನಿಸೀತು. ಹೇಮಾವತಿಯ ದಡದ ಗೊರೂರಿನಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್. ಲೋಕನಾಥ್ ಉಪ್ಪಿನಕಾಯಿ ನೆಕ್ಕುವ ದೃಶ್ಯ ಬಂದಾಗ ಬಾಯಲ್ಲಿ ನೀರೂರದ ಕನ್ನಡಿಗನಿಲ್ಲ, ಮಕ್ಕಳು ಅದಕ್ಕೆಂದೇ ಕಾದು ಕೂರುತ್ತಾರೆ. ದೊಡ್ಡವರಿಗೆ ಅದರಲ್ಲಿ ಕಾಣುವುದು ಬೇರೆ. ಬೇಲಿಯ ತಕರಾರು, ಕೋರ್ಟಿಗೆ ಅಲೆದು ಕರಗುವ ಆಸ್ತಿ, ಹಟದಲ್ಲಿ ಹಾಳಾಗುವ ಎರಡು ಮನೆ. ಪಾಲಿನ ವ್ಯಾಜ್ಯ ಇಟ್ಟುಕೊಂಡಿರುವ ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಕೂತು ಅದನ್ನು ನೋಡುವುದಕ್ಕೆ ಒಂದು ತೂಕವಿದೆ. ‘ಬಂಗಾರದ ಮನುಷ್ಯ’ದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ. ನುಸಿರೋಗಕ್ಕೆ ತೆಂಗು ಸೊರಗಿದ್ದನ್ನೂ ಬತ್ತಿದ ಬೋರ್‌ವೆಲ್ಲುಗಳನ್ನೂ ಕಂಡ ಅರಸೀಕೆರೆಯ ರೈತ, ಬೀಳು ನೆಲವನ್ನು ಹಸಿರು ಮಾಡುವ ರಾಜೀವನನ್ನು ನೋಡುವಾಗ ಕೇಳುವ ಪ್ರಶ್ನೆಗಳು 1972ರ ಪ್ರೇಕ್ಷಕನವಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇಂದಿನ ಹುಡುಗರ ತಕರಾರು ಬೇರೆ. ಎಲ್ಲರ ಕೈಯಲ್ಲೂ ಫೋನಿದೆ, ತಮಗೆ ಬೇಕಾದ್ದನ್ನು ತಾವು ನೋಡುತ್ತಾರೆ, ಎಲ್ಲರನ್ನೂ ಒಂದೇ ಪರದೆಯ ಮುಂದೆ ಕೂರಿಸುವುದು ಒಂದು ಬಗೆಯ ಬಲವಂತವಲ್ಲವೇ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಒಂದೇ ಟಿವಿ ಇದ್ದ ಕಾಲವನ್ನು ನಾವು ಚಿನ್ನದ ಕಾಲವೆಂದು ಹೊಗಳುವಾಗ, ಆ ಟಿವಿಯಲ್ಲಿ ಏನು ನೋಡಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು ಎಂಬುದನ್ನು ಮುಚ್ಚಿಡುತ್ತೇವೆ. ಕ್ರಿಕೆಟ್ ಇದ್ದ ದಿನ ಹೆಂಗಸರ ಸಿನಿಮಾ ಇರುತ್ತಿರಲಿಲ್ಲ. ಆದ್ದರಿಂದ ವರ್ಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರವರ ಆಯ್ಕೆ ಅವರವರಿಗೆ ಇರಲಿ, ನನ್ನದೇನೂ ಅಡ್ಡಿಯಿಲ್ಲ. ಒಂದು ಸಂಜೆಯನ್ನು ಕೇಳುತ್ತಿದ್ದೇನೆ. ಅದೂ ಟಿವಿಯವರು ಹಬ್ಬದ ವಿಶೇಷವೆಂದು ಜಾಹೀರಾತಿನ ನಡುವೆ ತುರುಕಿ ಕೊಡುವ ಚಿತ್ರವಾಗಬಾರದು. ವಾಹಿನಿ ಯಾವ ಚಿತ್ರದ ಹಕ್ಕು ಕೊಂಡಿದೆಯೋ ಅದನ್ನು ಹಾಕುತ್ತದೆ, ನಮ್ಮ ಮನೆಯ ಸಂಗತಿ ಅದಕ್ಕೆ ಗೊತ್ತಿಲ್ಲ. ಅಮೆರಿಕದವರಿಗೆ ಟಿವಿ ಕೇಂದ್ರಗಳು ಆರಿಸಿ ಕೊಟ್ಟದ್ದನ್ನು ನಾವು ಮನೆಯೊಳಗೇ ಆರಿಸಿಕೊಳ್ಳುವ ಅನುಕೂಲ ಇಂದು ಇದೆ. ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ ಯೂಟ್ಯೂಬಿನಲ್ಲೇ ಸಿಗುತ್ತವೆ. ಫೋನನ್ನು ಟಿವಿಗೆ ಜೋಡಿಸಿ ಕೊಡುವ ಕೆಲಸವನ್ನು ತಕರಾರು ಮಾಡಿದ ಹುಡುಗನಿಗೇ ವಹಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಷರತ್ತನ್ನು ಗಟ್ಟಿಯಾಗಿ ಹೇಳಬೇಕು, ಅದಿಲ್ಲದಿದ್ದರೆ ನಾನು ಈ ರೂಢಿಯ ಪರವಾಗಿ ನಿಲ್ಲಲಾರೆ. ಹಬ್ಬದ ದಿನ ಸಿನಿಮಾವನ್ನು ಕಿವಿಯಲ್ಲಿ ಕೇಳಿ ತಿಳಿದುಕೊಂಡ ಹೆಂಗಸರ ಒಂದು ದೊಡ್ಡ ತಲೆಮಾರು ನಮ್ಮಲ್ಲಿದೆ. ಒಬ್ಬಟ್ಟಿನ ಹಂಚಿನ ಮುಂದೆ ನಿಂತು, ನಡುಮನೆಯಿಂದ ಬರುವ ಸಂಭಾಷಣೆ ಕೇಳಿ, ಈಗ ಯಾವ ದೃಶ್ಯ ಎಂದು ಊಹಿಸುತ್ತಿದ್ದವರು ಅವರು. ಹಾಡು ಬಂದಾಗ ಸೆರಗಿಗೆ ಕೈ ಒರೆಸುತ್ತಾ ಬಾಗಿಲ ಬಳಿ ಬಂದು ನಿಂತು, ಕುಕ್ಕರ್ ಕೂಗಿದಾಗ ಒಳಗೆ ಓಡುತ್ತಿದ್ದರು. ಟೆಂಟಿನ ಕಾಲದಲ್ಲಿ ಇದಕ್ಕಿಂತ ಮೇಲಿತ್ತು. ಮನೆಯವರಿಗೆಲ್ಲ ಬಡಿಸಿ, ಪಾತ್ರೆ ತೊಳೆದಿಟ್ಟು, ಸೆಕೆಂಡ್ ಶೋಗೆ ಹೊರಟರೆಂದರೆ ಹೆಂಗಸರ ಕಡೆ ಕೂತು ಕೊನೆಯವರೆಗೂ ನೋಡಿಯೇ ಏಳುತ್ತಿದ್ದರು, ಒಲೆ ಅಲ್ಲಿ ಇರಲಿಲ್ಲ. ಟಿವಿ ಸಿನಿಮಾವನ್ನು ಮನೆಗೆ ತಂದಿತು, ತಂದು ಒಲೆಯ ಪಕ್ಕದಲ್ಲೇ ಇಟ್ಟಿತು. ನಡುಮನೆಯಲ್ಲಿ ಎಂಟು ಜನ ನಗುತ್ತಿರುವಾಗ ಒಬ್ಬಳು ಅಡುಗೆಮನೆಯಲ್ಲಿದ್ದರೆ ಅದನ್ನು ಮನೆಮಂದಿಯ ಸಂಪ್ರದಾಯ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಆದ್ದರಿಂದ ಸಿನಿಮಾ ಇಡುವ ಹೊತ್ತಿನಿಂದಲೇ ಯೋಚನೆ ಶುರುವಾಗಬೇಕು. ಸಂಜೆ ನಾಲ್ಕೂವರೆಗೆ ಹಾಕಿದರೆ, ನಡುವೆ ನಿಲ್ಲಿಸಿ ಮಾತಾಡಿದರೂ ಎಂಟೂವರೆಗೆ ಮುಗಿಯುತ್ತದೆ. ಹಿದುಕಿದ ಬೇಳೆಯ ಸಾರು ಮಧ್ಯಾಹ್ನವೇ ಎರಡು ಹೊತ್ತಿಗಾಗುವಷ್ಟು ಆಗಿರಲಿ, ಹಿದುಕುವ ಕೆಲಸ ಗಂಡಸರ ಪಾಲಿಗೂ ಬರಲಿ. ರಾತ್ರಿಗೆ ಅನ್ನಕ್ಕೆ ಇಡುವುದು, ಹಪ್ಪಳ ಕರಿಯುವುದು ಮಗನೋ ಅಳಿಯನೋ ಮಾಡುವ ಕೆಲಸ. ನಡುವಿನ ಕಾಫಿ ಯಾರು ಮಾಡುತ್ತಾರೆಂದು ಮೊದಲೇ ಮಾತಾಗಿರಬೇಕು. ಕಾಫಿ ಆಗುವವರೆಗೆ ಸಿನಿಮಾ ನಿಂತಿರಬೇಕು. ಯಾವ ಚಿತ್ರ ಎಂಬ ಮೊದಲ ಮಾತು ಇಷ್ಟು ವರ್ಷ ಬಾಗಿಲ ಬಳಿ ನಿಂತು ನೋಡಿದವರದು. ಅಜ್ಜಿ ಇರುವ ಮನೆಯಲ್ಲಿ ಅಜ್ಜಿಯದು. ಅವರು ‘ಜಕಣಾಚಾರಿ’ ಬೇಡ, ‘ಸತ್ಯ ಹರಿಶ್ಚಂದ್ರ’ ಹಾಕು ಎಂದರೆ ಅದನ್ನೇ ಹಾಕಬೇಕು. ಬೇಲೂರಿನ ಬಸ್ಸು ಮರುದಿನವೂ ಇರುತ್ತದೆ.